ನಿಜವಾದ ಸ್ಟಾರ್ ಟ್ರೆಕ್ ಯಾವುದು?

ಪ್ರಶ್ನೆ: ಮಾನ್ಯರೇ, ದೂರದರ್ಶನದಲ್ಲಿ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಕರ್ಕ್ ಮತ್ತು ಅವನ ಸಂಗಾತಿ ಸ್ಪಾಕ್ ಅವರ ‘ಸ್ಟಾರ್ ಟ್ರೆಕ್’ ಸರಣಿ ನೋಡಿ ಬೆಳೆದವನು ನಾನು. 2009ರ ಚಲನಚಿತ್ರದಿಂದ ಆರಂಭಿಸಿ ಹೊಸ ಸರಣಿ ‘ಡಿಸ್ಕವರಿ’ಗೆ ಬಂದಿರುವ ನನ್ನ ಮಗಳು, ಹಳೆಯದು ರಟ್ಟಿನ ಬಂಡೆಗಳ ನಾಟಕ ಎನ್ನುತ್ತಾಳೆ. ಹೊಸದರಲ್ಲಿ ಬರೀ ಸ್ಫೋಟ ಎಂಬುದು ನನ್ನ ದೂರು. ನಿಜವಾದ ಸ್ಟಾರ್ ಟ್ರೆಕ್ ಯಾವುದು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳ ಮಾತನ್ನು ಮೊದಲು ಒಪ್ಪಿಕೊಳ್ಳೋಣ. 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿಯಲ್ಲಿ 79 ಕಂತುಗಳಾಗಿ ಬಂದ ಮೂಲ ಸರಣಿಯಲ್ಲಿ ಹಣದ ಮುಗ್ಗಟ್ಟು ಎದ್ದು ಕಾಣುತ್ತದೆ. ವಾರವಾರವೂ ನೌಕೆಯನ್ನು ಹೊಸ ಗ್ರಹದ ಮೇಲೆ ಇಳಿಸಿ ತೋರಿಸುವ ಖರ್ಚನ್ನು ಉಳಿಸಲೆಂದೇ, ಮನುಷ್ಯರನ್ನು ಇಲ್ಲಿ ಕರಗಿಸಿ ಅಲ್ಲಿ ಮೂಡಿಸುವ ಟ್ರಾನ್ಸ್‌ಪೋರ್ಟರ್ ಹುಟ್ಟಿಕೊಂಡಿತು. ತೋರಿಸಲು ಹೆಚ್ಚೇನೂ ಇಲ್ಲದಿದ್ದುದರಿಂದ ಕಥೆಗಳು ಮಾತಿನ ಮೇಲೆ, ಸರಿತಪ್ಪುಗಳ ವಾದದ ಮೇಲೆ ನಿಂತವು. ಈ ಸರಣಿಯ ಜೀವ ಇರುವುದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ನಿಮ್ಮ ದೂರು ಕೂಡ ಹೊಸದೇನಲ್ಲ. 1987ರಲ್ಲಿ ಹೊಸ ಪಾತ್ರಗಳ ‘ನೆಕ್ಸ್ಟ್ ಜನರೇಷನ್’ ಸರಣಿ ಬಂದಾಗ, ಕರ್ಕ್ ಇಲ್ಲದ ಸ್ಟಾರ್ ಟ್ರೆಕ್ ಎಂಥದ್ದು ಎಂದು ಹಳೆಯ ಅಭಿಮಾನಿಗಳು ಮುನಿಸಿಕೊಂಡಿದ್ದರು. ಅವರಲ್ಲಿ ಅನೇಕರ ಮನಸ್ಸು ತಿರುಗಿಸಿದ್ದು 1989ರ ‘ದಿ ಮೆಷರ್ ಆಫ್ ಎ ಮ್ಯಾನ್’ನಂತಹ ಕಂತುಗಳು. ಯಂತ್ರಮಾನವ ಡೇಟಾ ಒಬ್ಬ ವ್ಯಕ್ತಿಯೇ ಅಥವಾ ಅವನು ಸೇವೆಯಲ್ಲಿರುವ ಬಾಹ್ಯಾಕಾಶ ಪಡೆ ಸ್ಟಾರ್‌ಫ್ಲೀಟ್‌ನ ಆಸ್ತಿಯೇ ಎಂಬುದು ಅಲ್ಲಿನ ವಿಚಾರಣೆ. ಗೆಳೆಯನ ವಿರುದ್ಧವೇ ವಾದಿಸಬೇಕಾಗಿ ಬಂದ ನೌಕೆಯ ಅಧಿಕಾರಿ ರೈಕರ್, ಡೇಟಾನ ಕೈಯನ್ನು ಕಳಚಿ ತೋರಿಸುತ್ತಾನೆ. ಆಮೇಲೆ ಅವನನ್ನು ನಿಲ್ಲಿಸುವ ಗುಂಡಿಯನ್ನೇ ಒತ್ತುತ್ತಾನೆ. ಡೇಟಾ ಮೇಜಿನ ಮೇಲೆ ಕುಸಿಯುತ್ತಾನೆ. ತನ್ನ ಜಾಗಕ್ಕೆ ಮರಳುವ ರೈಕರ್‌ನ ಮುಖದಲ್ಲಿ ಗೆದ್ದವನ ಕಳೆ ಎಳ್ಳಷ್ಟೂ ಇರುವುದಿಲ್ಲ. ಇಡೀ ಕಂತಿನಲ್ಲಿ ಒಂದು ಗುಂಡೂ ಹಾರುವುದಿಲ್ಲ.

ಸೃಷ್ಟಿಕರ್ತ ಜೀನ್ ರಾಡನ್‌ಬೆರಿ 1991ರಲ್ಲಿ ತೀರಿಕೊಂಡ ಮೇಲೆ, 1993ರಲ್ಲಿ ಬಂದ ‘ಡೀಪ್ ಸ್ಪೇಸ್ ನೈನ್’ ಬಗ್ಗೆ ಜಗಳ ಇನ್ನೂ ಜೋರಾಯಿತು. ಟ್ರೆಕ್ ಎಂದರೆ ಪಯಣ, ಈ ಸರಣಿಯಂತೆ ಒಂದೇ ಬಾಹ್ಯಾಕಾಶ ನಿಲ್ದಾಣದಲ್ಲಿ ಕುಳಿತರೆ ಪಯಣವೆಲ್ಲಿಯದು ಎಂದು ಒಂದು ಗುಂಪು ಕೇಳಿತು. ನಾನು ಇನ್ನೊಂದು ಗುಂಪಿನವನು. ಯುದ್ಧದಲ್ಲಿ ಸೋಲುತ್ತಿರುವ ತನ್ನ ಪಕ್ಷವನ್ನು ಉಳಿಸಲು ಸುಳ್ಳು ಸಾಕ್ಷ್ಯ ಸೃಷ್ಟಿಸಿ, ಅದರ ಜೊತೆಗೆ ಬದುಕಬಲ್ಲೆ ಎಂದು ತನಗೆ ತಾನೇ ಹೇಳಿಕೊಳ್ಳುವ ಅಲ್ಲಿನ ಕ್ಯಾಪ್ಟನ್ ಸಿಸ್ಕೊನನ್ನು ರಾಡನ್‌ಬೆರಿ ಒಪ್ಪುತ್ತಿದ್ದರೋ ಇಲ್ಲವೋ, ಒಳಿತಿಗಾಗಿ ತಪ್ಪು ಮಾಡಬಹುದೇ ಎಂಬ ಪ್ರಶ್ನೆಯನ್ನು ಅಷ್ಟು ಆಳಕ್ಕೆ ಒಯ್ದ ಕಂತು ಈ ಸರಣಿಗಳಲ್ಲಿ ನನಗೆ ಮತ್ತೊಂದು ಸಿಕ್ಕಿಲ್ಲ.

2009ರ ಚಿತ್ರ ಚುರುಕಾಗಿದೆ, ಹೊಸಬರಿಗೆ ಬಾಗಿಲು ತೆರೆದಿದೆ. ಆದರೆ ಸ್ಪಾಕ್‌ನ ತವರಾದ ವಲ್ಕನ್ ಗ್ರಹವೇ ನಾಶವಾದರೂ ಕಥೆ ಆ ದುಃಖದ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲವೆಂಬುದು ನನ್ನ ಕೊರಗು. 2017ರ ‘ಡಿಸ್ಕವರಿ’ಯ ಕ್ಲಿಂಗನ್ನರ (ಅನ್ಯಗ್ರಹದ ಯೋಧ ಜನಾಂಗ) ರೂಪ ಬದಲಾದುದಕ್ಕೆ ಎದ್ದ ಕೋಪ ಅತಿಯಾಯಿತು, ಅದರ ನಿಜವಾದ ತೊಡಕೆಂದರೆ, ವರ್ಷಕ್ಕೆ 26 ಕಂತುಗಳಿದ್ದ ಕಾಲದಲ್ಲಿ ಪಾತ್ರಗಳಿಗೆ ಸಿಗುತ್ತಿದ್ದ ಬಿಡುವು, ಒಂದೇ ಮಹಾಸಂಕಟದ ಬೆನ್ನು ಹತ್ತಿದ 15 ಕಂತುಗಳಲ್ಲಿ ಸಿಗದು.

ಆದ್ದರಿಂದ ಮಗಳಿಗೆ ಮೂಲ ಸರಣಿಯನ್ನು ಒತ್ತಾಯದಿಂದ ತೋರಿಸಬೇಡಿ. ಮೊದಲು ಡೇಟಾನ ವಿಚಾರಣೆಯನ್ನು ಇಬ್ಬರೂ ಕೂಡಿ ನೋಡಿ. ಬಳಿಕ, ಕಂತಿಗೊಂದು ಕಥೆಯ ಹಳೆಯ ಕ್ರಮಕ್ಕೆ ಮರಳಿರುವ 2022ರ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಅನ್ನು ಅವಳ ಜೊತೆ ಆರಂಭಿಸಿ; ಅಲ್ಲಿ ನಿಮ್ಮ ಸ್ಪಾಕ್ ಕೂಡ ಇದ್ದಾನೆ.