ಸಭಾಂಗಣದ ಬೀಗದ ಕೈ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಆಕೆಯನ್ನು ಇಲ್ಲಿ 'ಸ' ಎಂದು ಕರೆಯುತ್ತೇನೆ.

ಸ ಮಲೆನಾಡಿನ ಪದವಿ ಕಾಲೇಜೊಂದರ ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿ. ಎರಡು ವರ್ಷ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ (ಎನ್‌ಎಸ್‌ಎಸ್‌) ಇದ್ದು, 240 ಗಂಟೆಗಳ ಸೇವೆಯನ್ನೂ ಏಳು ದಿನಗಳ ವಿಶೇಷ ಶಿಬಿರವನ್ನೂ ಮುಗಿಸಿದ್ದಳು. ಆ ಕಾರಣಕ್ಕೇ ಕಾಲೇಜಿನ ಕಲಾ ಪ್ರದರ್ಶನವೊಂದರ ಸಂಯೋಜಕಿಯ ಹೊಣೆ ಆಕೆಯ ಹೆಗಲೇರಿತ್ತು. ತರಗತಿ ಪ್ರತಿನಿಧಿಗಳು, ಹಾಸ್ಟೆಲಿನ ಮುಂದಾಳುಗಳು, ಕ್ರೀಡಾ ತಂಡದ ನಾಯಕರು, ಎನ್‌ಎಸ್‌ಎಸ್‌ ಸ್ವಯಂಸೇವಕರು ತಾವು ಬೆಳೆದ ಬಗೆಯನ್ನು ಚಿತ್ರ, ಛಾಯಾಚಿತ್ರ ಅಥವಾ ಮಣ್ಣಿನ ಕೆಲಸದ ಮೂಲಕ ತೋರಿಸಬೇಕೆಂಬುದು ಪ್ರದರ್ಶನದ ಆಶಯ. ಮೂವತ್ತೊಂದು ಕೃತಿಗಳು ಬಂದಿದ್ದವು. ಉದ್ಘಾಟನೆಗೆ ಹನ್ನೊಂದು ದಿನವಿರುವಾಗ ಆಕೆ ನನ್ನ ಕೊಠಡಿಗೆ ಬಂದಳು.

"ಮೇಡಂ, ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರ ಆಗುತ್ತೆ. ಯಾವ ಚಿತ್ರ ಎಲ್ಲಿ ತೂಗುಹಾಕೋದು ಅಂತ ಲೆಕ್ಕ ಶುರುವಾಗುತ್ತೆ" ಎಂದಳು. ಮಧ್ಯಾಹ್ನದ ಊಟ ಬಿಟ್ಟು ವಾರವಾಗಿತ್ತು. ನಿದ್ದೆಗೆಟ್ಟು ಬಂದ ಪ್ರತಿಯೊಬ್ಬರನ್ನೂ ಕೇಳುವಂತೆ, ಬದುಕು ಬೇಡವೆನ್ನಿಸುವ ಯೋಚನೆಗಳೇನಾದರೂ ಬರುತ್ತವೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದಳು. ಆಮೇಲೆ ಒಂದು ಹಾಳೆ ಕೊಟ್ಟು, ಉಳಿದಿರುವ ಕೆಲಸಗಳನ್ನೆಲ್ಲ ಬರೆದು, ಒಂದೊಂದರ ಮುಂದೆಯೂ ಅದನ್ನು ಮಾಡುವವರ ಹೆಸರು ಹಾಕಲು ಹೇಳಿದೆ. ಇಪ್ಪತ್ತಾರು ಕೆಲಸಗಳಲ್ಲಿ ಇಪ್ಪತ್ತೆರಡರ ಮುಂದೆ ಆಕೆಯದೇ ಹೆಸರಿತ್ತು. ಮಿಕ್ಕ ನಾಲ್ಕರ ಮುಂದೆ ಬೇರೆಯವರ ಹೆಸರಿದ್ದರೂ ಪಕ್ಕದಲ್ಲಿ 'ಆಮೇಲೆ ನಾನು ನೋಡುವುದು' ಎಂದು ಸಣ್ಣಕ್ಷರದಲ್ಲಿ ಬರೆದಿದ್ದಳು. ಸಮಿತಿಯಲ್ಲಿ ಆರು ಜನರಿದ್ದರು. ಸಭಾಂಗಣದ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲವಾದ್ದರಿಂದ ಕಂಬದಿಂದ ಕಂಬಕ್ಕೆ ಹುರಿ ಕಟ್ಟಿ, ಕ್ಲಿಪ್ಪು ಹಾಕಿ ಚಿತ್ರಗಳನ್ನು ತೂಗುಹಾಕುತ್ತಿದ್ದರು. ಅವರು ಸಂಜೆ ಮನೆಗೆ ಹೋದ ಮೇಲೆ ಈಕೆ ಒಬ್ಬಳೇ ಬೀಗ ತೆಗೆದು, ಕ್ಲಿಪ್ಪುಗಳನ್ನೆಲ್ಲ ಬಿಚ್ಚಿ ತನಗೆ ಸರಿಕಂಡಂತೆ ಮತ್ತೆ ಹಾಕುತ್ತಿದ್ದಳು. ಬೀಗದ ಕೈ ಆಕೆಯ ಚೀಲದಲ್ಲೇ ಇರುತ್ತಿತ್ತು.

ಇಷ್ಟಾದರೂ ಆಕೆಯನ್ನು ನನ್ನ ಬಳಿಗೆ ಅಟ್ಟಿದ ಸಂಗತಿ ಬೇರೆಯೇ ಇತ್ತು. ಅದು ಬಾಯಿಗೆ ಬರಲು ಅರ್ಧ ಗಂಟೆ ಹಿಡಿಯಿತು. ಎರಡನೇ ವರ್ಷದ ಹುಡುಗನೊಬ್ಬ ಹಸೆ ಚಿತ್ತಾರ ಬರೆದು ತಂದಿದ್ದ. ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಎಳೆಯುವ ಗೆರೆಗಳನ್ನೇ ಅವನು ರಟ್ಟಿನ ಮೇಲೆ ಎಳೆದಿದ್ದ. ಕೆಳಗೆ ಅವನು ಬರೆದ ಒಕ್ಕಣೆ: "ಅಜ್ಜಿ ಗೆರೆ ಎಳೆಯುವಾಗ ಮಾತಾಡಿಸಬಾರದು. ಹಿಟ್ಟಿನ ಬಟ್ಟಲು ಹಿಡಿದು ಸುಮ್ಮನೆ ನಿಂತು ಕಲಿತೆ." ಸ ಅದನ್ನು ತೆಗೆದು, "ಸಾಂಪ್ರದಾಯಿಕ ಕಲೆಯ ಮೂಲಕ ತಾಳ್ಮೆಯೆಂಬ ನಾಯಕತ್ವ ಗುಣವನ್ನು ಮೈಗೂಡಿಸಿಕೊಂಡ ಪಯಣ" ಎಂದು ಅಚ್ಚು ಹಾಕಿಸಿದ್ದಳು. ಹುಡುಗ ಏನೂ ಅನ್ನದೆ ತನ್ನ ಚಿತ್ತಾರವನ್ನು ಬಿಚ್ಚಿಕೊಂಡು ಹೋಗಿದ್ದ. ('ವ್ಯಕ್ತಿತ್ವ ವಿಕಸನ'ದ ಭಾಷಣಗಳಲ್ಲಿ ಇಂಥ ವಾಕ್ಯಗಳನ್ನು ನಾನೂ ಸಾಕಷ್ಟು ಆಡಿದ್ದೇನಾದ್ದರಿಂದ ಅದನ್ನು ಕೇಳಿ ನನಗೇ ಮುಜುಗರವಾಯಿತು.)

ಎನ್‌ಎಸ್‌ಎಸ್‌ನ 'ನಾಟ್ ಮಿ ಬಟ್ ಯೂ' (ನಾನಲ್ಲ, ನೀನು) ಎಂಬ ಧ್ಯೇಯವಾಕ್ಯವನ್ನು ಆಕೆ ಎರಡು ವರ್ಷ ಎದೆಯ ಮೇಲಿನ ಬ್ಯಾಡ್ಜಿನಂತೆ ಹೊತ್ತವಳು. ಪರರ ಹೊರೆಯನ್ನೆಲ್ಲ ತಾನೇ ಹೊರುವುದೆಂದೇ ಅದನ್ನು ಅರ್ಥ ಮಾಡಿಕೊಂಡಿದ್ದಳು. ಹೀಗೆ ಹೊತ್ತವರಿಗೆ, ತಾವು ಪರರ ಮಾತನ್ನೂ ಕಸಿದುಕೊಳ್ಳುತ್ತಿದ್ದೇವೆ ಎಂಬುದು ಕಾಣುವುದು ಕಷ್ಟ. ಇದನ್ನು ನಾನು ದುರಹಂಕಾರವೆಂದು ಎಣಿಸಲಿಲ್ಲ. ಪ್ರದರ್ಶನ ಕೆಟ್ಟರೆ ತನ್ನ ನಾಯಕತ್ವವೇ ಸುಳ್ಳೆಂದು ಸಾಬೀತಾಗುತ್ತದೆಂಬ ದಿಗಿಲು ಅದರ ಬುಡದಲ್ಲಿತ್ತು.

"ಒಂದು ಚಿತ್ರ ಓರೆಯಾಗಿ ತೂಗಿದರೆ ಏನಾಗುತ್ತದೆ?" ಎಂದು ಕೇಳಿದೆ.

"ಪ್ರಿನ್ಸಿಪಾಲರು ಕೇಳ್ತಾರೆ."

"ಕೇಳಿದರೆ?"

"ಸರಿ ಮಾಡ್ತೀವಿ ಸರ್ ಅಂತೀನಿ."

'ಮಾಡ್ತೀನಿ' ಎನ್ನದೆ 'ಮಾಡ್ತೀವಿ' ಎಂದದ್ದನ್ನು ಆಕೆಗೆ ತೋರಿಸಿದೆ. ಆ ದಿನ ಆಕೆ ಮೊದಲ ಬಾರಿಗೆ ನಕ್ಕಳು.

ನಾನು ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ಬೀಗದ ಕೈಗೆ ಸಂಬಂಧಿಸಿದ್ದು. ಕೆಲಸ ಹಂಚುವುದು ಬೇರೆ, ತೀರ್ಮಾನ ಹಂಚುವುದು ಬೇರೆ. ಆದ್ದರಿಂದ ಯಾವ ಕೃತಿ ಎಲ್ಲಿರಬೇಕೆಂಬ ತೀರ್ಮಾನವನ್ನು ಬೀಗದ ಕೈಯ ಸಮೇತ ಸಮಿತಿಯ ಇಬ್ಬರಿಗೆ ಒಪ್ಪಿಸಿ, ಅವರಿಲ್ಲದಾಗ ಸಭಾಂಗಣಕ್ಕೆ ಕಾಲಿಡಬಾರದೆಂದೆ. ಹುಡುಗನ ಬಳಿಗೆ ತಾನೇ ಹೋಗಬೇಕು, ವಾಟ್ಸಾಪಿನಲ್ಲಿ ಬರೆಯಕೂಡದು. ತನ್ನ ಉದ್ದೇಶವನ್ನು ವಿವರಿಸದೆ, ಮಾಡಿದ್ದನ್ನಷ್ಟೇ ಹೇಳಿ ಕ್ಷಮೆ ಕೇಳಬೇಕು. ಕೃತಿಯನ್ನು ವಾಪಸು ತರುವಂತೆ ಒತ್ತಾಯಿಸಬಾರದು. ಇದನ್ನು ಕೊಠಡಿಯಲ್ಲೇ ಅಭ್ಯಾಸ ಮಾಡಿದೆವು. ಮೊದಲ ಮೂರು ಸಲವೂ "ನಾನು ಒಳ್ಳೇದಕ್ಕೇ ಮಾಡಿದ್ದು" ಎಂದೇ ಆರಂಭಿಸಿದಳು. ನಿದ್ದೆಯ ಮಟ್ಟಿಗೆ, ರಾತ್ರಿ ಒಂಬತ್ತಕ್ಕೆ ಮರುದಿನದ ಚಿಂತೆಗಳನ್ನು ನೋಟ್‌ಪುಸ್ತಕದಲ್ಲಿ ಬರೆದು ಮುಚ್ಚಿಡಲು, ಮಧ್ಯಾಹ್ನದ ಊಟ ತಪ್ಪಿಸದಿರಲು ಹೇಳಿದೆ. ಎರಡು ವಾರದಲ್ಲಿ ಸುಧಾರಿಸದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣುವುದೆಂದು ಒಪ್ಪಿಕೊಂಡೆವು. ಹಗಲು ರಾತ್ರಿ ಉಚಿತವಾಗಿ ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟೆ.

ವಾರದ ನಂತರ ಬಂದಾಗ ಆಕೆಗೆ ಬೆಳಗಿನ ಐದು ಗಂಟೆಯವರೆಗೆ ನಿದ್ದೆ ಬರುತ್ತಿತ್ತು. ಹುಡುಗ ಕೂಡಲೇ ಕರಗಿರಲಿಲ್ಲ. ಎರಡು ದಿನ ಬಿಟ್ಟು, ಚಿತ್ತಾರ ಕೊಡುತ್ತೇನೆ, ಆದರೆ ಕೆಳಗೆ ಯಾವ ಒಕ್ಕಣೆಯೂ ಬೇಡವೆಂದಿದ್ದ. ಅದು ಹಾಗೆಯೇ ತೂಗಿತ್ತು. ಒಂದು ಬೆಳಗ್ಗೆ ಬೀಗದ ಕೈ ಇದ್ದವನು ಬಸ್ಸು ತಪ್ಪಿಸಿಕೊಂಡಿದ್ದರಿಂದ ಆಕೆ ಬಾಗಿಲ ಹೊರಗೆ ಮುಕ್ಕಾಲು ಗಂಟೆ ಕುಳಿತಿದ್ದಳು. ಕಚೇರಿಯಲ್ಲಿ ಇನ್ನೊಂದು ಬೀಗದ ಕೈ ಇರುವುದು ಗೊತ್ತಿದ್ದೂ ಕೇಳಲು ಹೋಗಲಿಲ್ಲ. "ಕೈ ನಡುಗ್ತಿತ್ತು ಮೇಡಂ, ಆದ್ರೂ ಕೂತೆ" ಎಂದಳು.

ಹೊರಡುವಾಗ, ಇಪ್ಪತ್ತೆರಡು ಕಡೆ ತನ್ನ ಹೆಸರಿದ್ದ ಆ ಹಾಳೆಯನ್ನು ತನ್ನ ಕೃತಿಯೆಂದು ಪ್ರದರ್ಶನದಲ್ಲಿ ಹಾಕಬಹುದೇ ಎಂದು ಕೇಳಿದಳು. ಅದನ್ನು ಸಮಿತಿಯವರನ್ನೇ ಕೇಳೆಂದು ಕಳುಹಿಸಿದೆ.