‘20 ವರ್ಷ’: ಯಾವ ದಿನದಿಂದ?

ಶಿರಸಿಯಿಂದ ‘ಪೇಟೆಂಟ್ ಮತ್ತು ನಮ್ಮ ತೋಟ’ ಲೇಖನ ಕಳಿಸಿದವರಿಗೆ ನಮಸ್ಕಾರ.

ಭಾಷೆ ತಿಳಿಯಾಗಿದೆ, ವಿಷಯವೂ ಒಳ್ಳೆಯದು. ಆದರೆ ಎರಡು ವಾಕ್ಯ ನನಗೆ ಸಿಟ್ಟು ತರಿಸಿದವು. ಅವನ್ನಷ್ಟೇ ಹಿಡಿಯುತ್ತೇನೆ.

“ಔಷಧಿ ಮಾರುಕಟ್ಟೆಗೆ ಬಂದ ಮೇಲೆ ಕಂಪನಿಗೆ 20 ವರ್ಷ ಹಕ್ಕು.” ಅಲ್ಲ. ಎಣಿಕೆ ಶುರುವಾಗುವುದು ಪೇಟೆಂಟಿಗೆ ಅರ್ಜಿ ಹಾಕಿದ ದಿನದಿಂದ. ಬೇರೆಯವರು ಮುಂದಾಗಬಾರದೆಂದು ಕಂಪನಿಗಳು ಮನುಷ್ಯರ ಮೇಲಿನ ಪರೀಕ್ಷೆಗೆ ಮೊದಲೇ ಅರ್ಜಿ ಹಾಕಿರುತ್ತವೆ. ಪರೀಕ್ಷೆ, ಪರವಾನಗಿಗೆ 6 ವರ್ಷ ಹಿಡಿದರೆ ಮಾರಲು 14 ಉಳಿಯಿತು; 14 ಹಿಡಿದರೆ ಬರೀ 6. ನಮ್ಮ ಕಾಯ್ದೆಯಲ್ಲಿ ಅವಧಿ ವಿಸ್ತರಣೆಯೂ ಇಲ್ಲ. ಕೊನೆಯ ಹಂತದ ಕ್ಯಾನ್ಸರಿಗೆ ಕೊಟ್ಟ ಮದ್ದು ಆಯುಷ್ಯ ಹೆಚ್ಚಿಸಿತೇ ಎಂಬುದು ಬೇಗ ಗೊತ್ತಾಗುತ್ತದೆ. ಕ್ಯಾನ್ಸರ್ ಬಾರದಂತೆ ತಡೆಯುವ ಮದ್ದಾದರೆ ಆರೋಗ್ಯವಂತರನ್ನು ವರ್ಷಗಟ್ಟಲೆ ಗಮನಿಸುತ್ತ ಕೂರಬೇಕು, ಅಷ್ಟರಲ್ಲಿ ಪೇಟೆಂಟ್ ಸವೆದಿರುತ್ತದೆ. ಕಂಪನಿ ಮೊದಲನೆಯದರತ್ತ ವಾಲುವುದು ಇದಕ್ಕೇ. ನಿಮ್ಮ ಲೇಖನದ ಜೀವ ಆ ಒಂದು ದಿನಾಂಕದಲ್ಲಿತ್ತು, ನೀವು ಅದನ್ನೇ ತಪ್ಪಿಸಿದಿರಿ. ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಅವಧಿ ಬರೆದಲ್ಲೆಲ್ಲ ಹಿರಿಯರು ‘ಯಾವಾಗಿನಿಂದ?’ ಎಂದು ಅಂಚಿನಲ್ಲಿ ಗೀಚಿ ಪ್ರತಿ ವಾಪಸು ಕೊಡುತ್ತಿದ್ದರು.

“ಅಡಿಕೆಯ ಕೊಳೆ ರೋಗದ ಬಗ್ಗೆ ಕಂಪನಿಗಳಿಗೆ ಕಾಳಜಿಯಿಲ್ಲ.” ಇದು ಬೈಗುಳವಾಯಿತು, ಕಾರಣ ಎಲ್ಲಿ? ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ 1880ರ ದಶಕದ್ದು. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಯಾರು ಬೇಕಾದರೂ ಕಲಸಬಹುದು. ಮಳೆಗೆ ಎಷ್ಟು ದಿನ ಮೊದಲು ಹೊಡೆಯಬೇಕು, ಎರಡನೆಯದು ಯಾವಾಗ ಎಂದು ಒಂದು ಕಂಪನಿ ದುಡ್ಡು ಸುರಿದು ಪತ್ತೆ ಮಾಡಿತೆನ್ನಿ. ಪೇಟೆಂಟ್ ಕಾಯ್ದೆಯ ಕಲಂ 3(ಎಚ್) ಕೃಷಿ, ತೋಟಗಾರಿಕೆಯ ವಿಧಾನಕ್ಕೆ ಪೇಟೆಂಟ್ ಕೊಡುವುದಿಲ್ಲ; ಕಲಂ 3(ಡಿ) ಗೊತ್ತಿರುವ ವಸ್ತುವಿನ ಹೊಸ ಉಪಯೋಗಕ್ಕೂ ಕೊಡುವುದಿಲ್ಲ. ಮರುವರ್ಷ ಅಡಿಕೆ ಮರ ಹತ್ತಿ ಮದ್ದು ಹೊಡೆಯುವ ಎಲ್ಲ ಕೊನೆಗೌಡರೂ ಅದನ್ನೇ ಮಾಡುತ್ತಾರೆ, ಕಂಪನಿಗೆ ಬಿಡಿಗಾಸೂ ಬಾರದು. ಅದೇ ಹೊಸ ಶಿಲೀಂಧ್ರನಾಶಕ ರಾಸಾಯನಿಕ ಕಂಡುಹಿಡಿದರೆ ಪೇಟೆಂಟ್ ಸಿಗುತ್ತದೆ. ಹಾಗಾಗಿ ಕಂಪನಿ ರಾಸಾಯನಿಕದ ಬೆನ್ನು ಹತ್ತುತ್ತದೆ, ಸಿಂಪಡಣೆಯ ಲೆಕ್ಕ ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನಂಥ ಸರ್ಕಾರಿ ಸಂಸ್ಥೆಗಳ ಪಾಲಿಗೆ ಬರುತ್ತದೆ.

ಈ ಎರಡು ಪ್ಯಾರಾ ಹೊಸದಾಗಿ ಬರೆದು ಕಳಿಸಿ.