ಟರ್ಬೊ ಇಲ್ಲದ 13ಬಿ ರೋಟರಿ: ಪೋರ್ಟಿಂಗ್ ಮತ್ತು ಡೈನೊ

ಟರ್ಬೊ ಇಲ್ಲದ ಹಳೆಯ ಮಾಜ್ದಾ 13ಬಿ ರೋಟರಿ ಎಂಜಿನ್ನಿನ (ಪಿಸ್ಟನ್ ಬದಲು ತ್ರಿಕೋನ ರೋಟರ್‌ಗಳು ತಿರುಗುವ ಎಂಜಿನ್) ಪವರ್ ಹೆಚ್ಚಿಸಿ ಡೈನೊದಲ್ಲಿ (ಪವರ್, ಟಾರ್ಕ್ ಅಳೆಯುವ ಯಂತ್ರ) ಅಳೆಯುವುದು ಹೇಗೆ ಎಂಬುದು ಪ್ರಶ್ನೆ.

ಮೊದಲು ಕಂಪ್ರೆಷನ್ ನೋಡಿ. ಮಾಮೂಲಿ ಗೇಜ್ ರೋಟರಿನ ಮೂರು ಮುಖಗಳಲ್ಲಿ ಅತಿ ಹೆಚ್ಚಿನದನ್ನಷ್ಟೇ ತೋರಿಸುತ್ತದೆ. ಮೂರನ್ನೂ ಬೇರೆಬೇರೆ ಅಳೆಯುವ ರೋಟರಿ ಟೆಸ್ಟರೇ ಬೇಕು. ಒಂದು ಅಪೆಕ್ಸ್ ಸೀಲ್ (ರೋಟರಿನ ಮೂಲೆಯಂಚಿನ ಸೀಲ್) ಸೋತರೆ ಅದರ ಎರಡೂ ಪಕ್ಕದ ಮುಖಗಳು ಇಳಿಯುತ್ತವೆ. ಅಂಥ ಎಂಜಿನ್ನಿಗೆ ಬೇರೇನು ಮಾಡಿದರೂ ವ್ಯರ್ಥ.

ಸುಲಭದ ಲಾಭ ಹೆಡರ್ (ಎಂಜಿನ್ನಿಗೆ ಅಂಟಿದ ಮೊದಲ ಎಕ್ಸಾಸ್ಟ್ ಪೈಪುಗಳು) ಮತ್ತು ಸರಾಗವಾದ ಎಕ್ಸಾಸ್ಟ್‌ನಲ್ಲಿದೆ. ನಂತರ ಸ್ಟ್ರೀಟ್ ಪೋರ್ಟ್, ಅಂದರೆ ಗಾಳಿ ಹೋಗುವ ಕಿಂಡಿಯನ್ನು (ಪೋರ್ಟ್) ರಸ್ತೆ ಕಾರಿಗೆ ತಕ್ಕಷ್ಟು ದೊಡ್ಡದು ಮಾಡುವುದು. ಇನ್‌ಟೇಕ್ ಪೋರ್ಟ್ ತಡವಾಗಿ ಮುಚ್ಚುವಂತೆ ಟೆಂಪ್ಲೇಟ್ ಇಟ್ಟು ಗೆರೆ ಹಾಕಿಯೇ ಉಜ್ಜಿ. ಒಳಬದಿಗೆ ಜಾಸ್ತಿ ಹೋದರೆ ರೋಟರಿನ ಬದಿಯಲ್ಲಿ ಆಯಿಲ್ ತಡೆಯುವ ಆಯಿಲ್ ರಿಂಗ್‌ನ ದಾರಿ ತೆರೆದು ಎಂಜಿನ್ ಆಯಿಲ್ ಸುಡುತ್ತದೆ. ಹೊರಬದಿಗೆ ಜಾಸ್ತಿ ಹೋದರೆ ಅಪೆಕ್ಸ್ ಸೀಲಿನ ತುದಿಯ ಕಾರ್ನರ್ ಸೀಲ್‌ಗೆ ಆಸರೆ ತಪ್ಪುತ್ತದೆ. ಮುಚ್ಚುವ ಅಂಚನ್ನು ಇಳಿಜಾರಾಗಿ ನುಣುಪು ಮಾಡದಿದ್ದರೆ ರೋಟರಿನ ಬದಿಯ ಸೈಡ್ ಸೀಲ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ರಸ್ತೆ ಕಾರಿಗೆ ಬ್ರಿಡ್ಜ್ ಪೋರ್ಟ್ (ಇನ್‌ಟೇಕ್ ಪೋರ್ಟಿನ ಪಕ್ಕ ಇನ್ನೊಂದು ಕಿಂಡಿ ಕೊರೆಯುವುದು) ಬೇಡ, ಐಡಲ್ ನಿಲ್ಲುವುದೇ ಕಷ್ಟ.

ಡೈನೊದಲ್ಲಿ ಹೆಚ್ಚು ಜನ ಎಡವುವುದು ಆರ್‌ಪಿಎಂ ಸೆಟ್ಟಿಂಗ್‌ನಲ್ಲಿ. ಪ್ರತಿ ರೋಟರ್ ಶಾಫ್ಟಿನ ಒಂದು ಸುತ್ತಿಗೆ ಒಮ್ಮೆ ಉರಿಯುತ್ತದೆ, ಫೋರ್ ಸ್ಟ್ರೋಕ್ ಸಿಲಿಂಡರ್ ಎರಡು ಸುತ್ತಿಗೊಮ್ಮೆ. ಡೈನೊದ ಆರ್‌ಪಿಎಂ ಕ್ಲ್ಯಾಂಪನ್ನು ಟ್ರೇಲಿಂಗ್ ಪ್ಲಗ್ (ರೋಟರಿನ ಎರಡು ಪ್ಲಗ್‌ಗಳಲ್ಲಿ ನಂತರ ಕಿಡಿ ಕೊಡುವುದು) ವೈರಿಗೆ ಹಾಕಿ ಸುತ್ತಿಗೊಂದು ಪಲ್ಸ್ ಎಂದು ಆರಿಸಿ. ಫೋರ್ ಸ್ಟ್ರೋಕ್ ಎಂದೇ ಬಿಟ್ಟರೆ ಆರ್‌ಪಿಎಂ ದುಪ್ಪಟ್ಟು, ಟಾರ್ಕ್ ಅರ್ಧ ಕಾಣುತ್ತದೆ. ಪವರ್ ಮಾತ್ರ ಸರಿಯಿರುತ್ತದೆ.

1:1 ಗೇರಿನಲ್ಲಿ, ಆಯಿಲ್ ಪೂರ್ತಿ ಬಿಸಿಯಾದ ಮೇಲೆ, ಒಂದೇ ಕರೆಕ್ಷನ್ (ಹವೆಗೆ ತಕ್ಕ ತಿದ್ದುಪಡಿ) ಇಟ್ಟು ಮೂರು ರನ್ ತೆಗೆಯಿರಿ. ಫುಲ್ ಥ್ರಾಟಲ್‌ನಲ್ಲಿ ಗಾಳಿ-ಪೆಟ್ರೋಲ್ 13:1ರ ಆಸುಪಾಸಿನಲ್ಲಿ ಶುರುಮಾಡಿ. ಇಗ್ನಿಷನ್ ಟೈಮಿಂಗನ್ನು ಒಂದೊಂದೇ ಡಿಗ್ರಿ ಏರಿಸಿ, ಟಾರ್ಕ್ ಏರದಿದ್ದಲ್ಲಿ ಹಿಂದಕ್ಕೆ ಬನ್ನಿ: ನಾಕ್ (ಮಿಶ್ರಣ ತಾನಾಗಿ ಸಿಡಿಯುವುದು) ಆದರೆ ಅಪೆಕ್ಸ್ ಸೀಲ್ ಒಡೆಯುತ್ತದೆ.